ಎರಡನೇ ಬಲ್ಬು

ಜುಲೈ ೩, ೨೦೨೫

ಮೂವತ್ತೊಂದು ವರ್ಷ ಪಾಠದ ಡೈರಿ ಬರೆದೆ. ಪ್ರತಿ ಶನಿವಾರ ಹೆಡ್‌ಮಾಸ್ತರು ನೋಡಿ ಸಹಿ ಹಾಕುತ್ತಿದ್ದರು. ಇದಕ್ಕೆ ಸಹಿ ಹಾಕುವವರು ಯಾರೂ ಇಲ್ಲ, ಅದೊಂದು ಸುಖ. ಕಪಾಟಿನಲ್ಲಿ ಖಾಲಿ ನೋಟುಬುಕ್ಕು ಬಿದ್ದಿತ್ತು, ನಾನೂ ಮಂಚದ ಮೇಲೆ ಬಿದ್ದಿದ್ದೇನೆ.

ಮೊನ್ನೆ ಬಚ್ಚಲಿನ ಫರಸಿಯ ಮೇಲೆ ಜಾರಿ ಬಿದ್ದೆ. ಶಹಾಬಾದಿನ ಕಲ್ಲೇ ಹಾಕಿಸಬೇಕು ಅಂತ ಹಟ ಹಿಡಿದವಳೂ ನಾನೇ, ಅದರ ಮೇಲೆ ಸೋಪಿನ ನೀರು ಚೆಲ್ಲಿದವಳೂ ನಾನೇ. ಬಲಗಾಲಿನ ಕೀಲಿನ ಹತ್ತಿರ ಎಲುಬು ಬಿರಿದಿದೆ. ಆರು ವಾರ ಪ್ಲಾಸ್ಟರ್, ನೆಲಕ್ಕೆ ಕಾಲು ಊರುವ ಹಾಗಿಲ್ಲ ಅಂದರು ಡಾಕ್ಟರು. ಇಡೀ ಚಿತ್ತಾಪುರಕ್ಕೆ ಸುದ್ದಿ ಹಬ್ಬಿದೆ, ಶರಣಬಸಮ್ಮ ಟೀಚರ್ ಬಿದ್ದರು ಅಂತ. ನನ್ನ ಕೈಯಲ್ಲಿ ಏಟು ತಿಂದವರೆಲ್ಲ ಇವತ್ತು ಹೊಟ್ಟೆ ತುಂಬ ಉಂಡಿರಬೇಕು.

ನಮ್ಮವರು ಗುರುಲಿಂಗಯ್ಯನವರು ವಾಡಿ ಸ್ಟೇಷನ್ನಿನಲ್ಲಿ ಟಿಕೆಟ್ ಹರಿದು ಹರಿದು ನಿವೃತ್ತರಾದವರು. ಇಂಜಿನ್ನಿನ ಸದ್ದಿಗೆ ಕಿವಿ ಮಂದವಾಗಿದೆ ಅನ್ನುತ್ತಾರೆ. ನನ್ನ ಸದ್ದಿಗೆ ಮಾತ್ರ ಮಂದ ಅಂತ ನನ್ನ ಅನುಮಾನ. ನೀರು ಬೇಕು ಅಂತ ಹತ್ತು ಸಲ ಕೂಗಿದೆ. ಪಡಸಾಲೆಯಲ್ಲಿ ಟಿವಿ ಮುಂದೆ ಕೂತವರು ಅಲ್ಲಾಡಲಿಲ್ಲ.

ಜುಲೈ ೬

ಚಮಚದಿಂದ ತಾಟು ಬಡಿದೆ. ಪಕ್ಕದ ಮನೆಯವರು ಓಡಿ ಬಂದರು, ಇವರು ಬರಲಿಲ್ಲ.

ಕಿವಿಗೆ ಕೇಳದಿದ್ದರೆ ಕಣ್ಣಿಗಾದರೂ ಕಾಣಲಿ ಅಂತ ಒಂದು ಉಪಾಯ ಮಾಡಿದ್ದೇನೆ. ಟಿವಿಯ ಮೇಲೊಂದು ಕೆಂಪು ದೀಪ, ಮಂಚದ ಹತ್ತಿರ ಗುಂಡಿ, ನಡುವೆ ತಂತಿ. ನಾನು ಒತ್ತಿದರೆ ಅಲ್ಲಿ ಹತ್ತಬೇಕು. ಅದರಲ್ಲೇನಿದೆ! ವಿದ್ಯುತ್ ಮಂಡಲದ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲೆ. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಖಾಜಾನಿಗೆ ಫೋನು ಹಚ್ಚಿ ಸಾಮಾನು ಹೇಳಿದೆ. ನಾಲ್ಕು ಸಣ್ಣ ಎಲ್‌ಇಡಿ, ಒಂಬತ್ತು ವೋಲ್ಟಿನ ಬ್ಯಾಟರಿ, ತಂತಿ, ಗುಂಡಿ. ಅವನೇನೋ “ಟೀಚರ್, ಅದರ ಜೋಡಿ...” ಅಂತ ಶುರು ಮಾಡಿದ. ಹೇಳಿದಷ್ಟು ಕಳಿಸಪ್ಪಾ ಅಂತ ಬಾಯಿ ಮುಚ್ಚಿಸಿದೆ.

ಜುಲೈ ೯

ಸುಟ್ಟು ಹೋಯಿತು! ಬ್ಯಾಟರಿಗೆ ಹಚ್ಚಿದ ಕೂಡಲೇ ಪಟ್ ಅಂತ ಹೊತ್ತಿ, ಕಣ್ಣು ಮಿಟುಕಿಸುವುದರೊಳಗೆ ಆರಿ, ಮೂಗಿಗೆ ಕಮರು ವಾಸನೆ. ಮಾಲೇ ಕೆಟ್ಟದ್ದು ಅಂತ ಎರಡನೆಯದು ಹಚ್ಚಿದೆ. ಅದೂ ಹೋಯಿತು. ಯಾಕೆ ಸುಟ್ಟಿತು ಅಂತ ನನಗೆ ಗೊತ್ತಾಗಲಿಲ್ಲ. ವಿಜ್ಞಾನದ ಟೀಚರ್ ನಾನು, ನನಗೇ ಗೊತ್ತಾಗಲಿಲ್ಲ!

ಇವರು ಬಾಗಿಲಲ್ಲಿ ನಿಂತು ಕೇಳಿದರು, “ಏನ್ ಸುಡಾಕತ್ತೀಯೇ? ಅಡಿಗಿ ಮನಿ ಬಿಟ್ಟು ಮಂಚದ ಮ್ಯಾಲೇ ಶುರು ಮಾಡಿದೇನ?”

ವಾಸನೆ ಮಾತ್ರ ಬರೋಬ್ಬರಿ ಬರುತ್ತದೆ ಇವರಿಗೆ.

ಜುಲೈ ೧೨

ಖಾಜಾ ಅಂಗಡಿ ಮುಚ್ಚಿಕೊಂಡು ಊಟಕ್ಕೆ ಹೋಗುವಾಗ ಬಂದಿದ್ದ. ಸುಟ್ಟವನ್ನು ನೋಡಿ ನಗಲಿಲ್ಲ, ಒಳ್ಳೆಯ ಹುಡುಗ. ಜೇಬಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ತೆಗೆದ. ಅದರ ಮೇಲೆ ಬಣ್ಣದ ಪಟ್ಟೆ.

“ಇದನ್ನ ನಡು ಹಾಕ್ಬೇಕ್ರಿ ಟೀಚರ್. ಇಲ್ಲಂದ್ರ ಕರೆಂಟು ಒಮ್ಮಿಗೇ ನುಗ್ತದ.”

“ಏನಪ್ಪಾ ಇದು?”

“ರೆಸಿಸ್ಟರ್‌ರಿ. ನೀವೇ ಕಲಿಸ್ತಿದ್ರಂತಲ್ರಿ, ರೋಧಕ, ರೋಧಕ ಅಂತ. ನಮ್ಮ ಮನಿಯಾಕಿ ಹೇಳ್ತಿರ್ತಾಳ.”

ಅವನ ಹೆಂಡತಿ ತಾಜುನ್ನಿಸಾ ನನ್ನ ಶಾಲೆಯವಳೇ. ನನಗೆ ಮುಖದ ಮೇಲೆ ಹೊಡೆದ ಹಾಗಾಯಿತು. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಅಂಕುಡೊಂಕು ಗೆರೆ ಎಳೆದು ರೋಧಕ ಅಂತ ಬರೆಸಿದ್ದೇನೆ. ಕೈಯಲ್ಲಿ ಹಿಡಿದದ್ದು ಇವತ್ತು.

ಅವನು ಟಿವಿಯವರೆಗೆ ತಂತಿ ಎಳೆದು, ಅದರ ಮೇಲೊಂದು ದೀಪ ಕೂರಿಸಿ ಹೋದ ಮೇಲೆ ಪೆನ್ನು ಹಿಡಿದೆ. ಬ್ಯಾಟರಿ ಒಂಬತ್ತು ವೋಲ್ಟ್, ದೀಪಕ್ಕೆ ಬೇಕಾದದ್ದು ಎರಡು. ಉಳಿದ ಏಳನ್ನು ಈ ಅಕ್ಕಿಕಾಳು ಹೊರಬೇಕು. ಅದು ನಾನೂರ ಎಪ್ಪತ್ತು ಓಮಿನದು ಅಂದಿದ್ದ ಖಾಜಾ. ಭಾಗಿಸಿದೆ. ಹೆಚ್ಚು ಕಡಿಮೆ ಹದಿನೈದು ಮಿಲಿ ಆಂಪಿಯರ್. ದೀಪ ತಾಳುವುದು ಇಪ್ಪತ್ತು. ಅಂದರೆ ಸುಡುವುದಿಲ್ಲ! ಹಚ್ಚುವ ಮೊದಲೇ ಹಾಳೆಯ ಮೇಲೆ ನನಗೆ ಗೊತ್ತಾಯಿತು, ಸುಡುವುದಿಲ್ಲ ಅಂತ. ಹಚ್ಚಿದೆ. ಸುಡಲಿಲ್ಲ. ಪಡಸಾಲೆಯಲ್ಲಿ ಕೆಂಪಗೆ ಹತ್ತಿತು.

“ಬಂದೆ... ಬಂದೆ...” ಅಂತ ಇವರು ಎದ್ದು ಬಂದರು. “ಏನ್ ಬೇಕಾಗಿತ್ತು?”

ಏನೂ ಬೇಕಾಗಿರಲಿಲ್ಲ. ಸುಮ್ಮನೆ ನಗು ಬಂತು. ಓಮನ ನಿಯಮವನ್ನು ಸಾವಿರ ಮಕ್ಕಳಿಂದ ಬಾಯಿಪಾಠ ಮಾಡಿಸಿದೆ, ಅದು ನನ್ನ ಒಂದು ಕೆಲಸಕ್ಕೆ ಬಂದದ್ದು ಇದೇ ಮೊದಲು.

ಜುಲೈ ೧೭

ಖಾಜಾನ ಹಳೆಯ ಮೀಟರು, ವೋಲ್ಟು ಕರೆಂಟು ಎರಡನ್ನೂ ಅಳೆಯುವಂಥದ್ದು, ಈಗ ನನ್ನ ಹತ್ತಿರ ಇದೆ. ಬೆಳಗಿನಿಂದ ಮನೆಯಲ್ಲಿ ಇದ್ದ ಬದ್ದ ಸೆಲ್ಲುಗಳನ್ನೆಲ್ಲ ಅಳೆದೆ. ರಿಮೋಟಿನ ಸೆಲ್ಲನ್ನೂ ಬಿಡಲಿಲ್ಲ, ಇವರು ಚಾನೆಲ್ ಬದಲಿಸಲಾರದೆ ಗೊಣಗಿದರು. ಆಮೇಲೆ ಟಿವಿ ಮೇಲಿನ ದೀಪವನ್ನು ಮಂಚಕ್ಕೇ ತರಿಸಿ ಅದರ ಎರಡೂ ಕಾಲುಗಳಿಗೆ ಮೀಟರು ಹಿಡಿದೆ: ಎರಡು. ಅಕ್ಕಿಕಾಳಿಗೆ ಹಿಡಿದೆ: ಏಳು. ಕೂಡಿಸಿದರೆ ಒಂಬತ್ತು! ಲೆಕ್ಕದಲ್ಲಿ ಬಂದದ್ದು ತಂತಿಯಲ್ಲೂ ಇದೆ. ಅರವತ್ತೆರಡನೇ ವಯಸ್ಸಿನಲ್ಲಿ ಎದೆ ಹೀಗೆ ಹೊಡೆದುಕೊಳ್ಳಬಾರದು. ಮಧ್ಯಾಹ್ನದ ಗುಳಿಗೆ ಮರೆತೇ ಹೋಯಿತು.

ನಾಳೆ ಕರೆಂಟು ಅಳೆಯಬೇಕು. ಅದಕ್ಕೆ ತಂತಿ ಕಡಿದು ನಡುವೆ ಮೀಟರು ಸೇರಿಸಬೇಕಂತೆ. ದೀಪದ ಮುಂಚೆ ಎಷ್ಟಿದೆ, ದೀಪ ಕುಡಿದ ಮೇಲೆ ಎಷ್ಟು ಉಳಿದಿದೆ ಅಂತ ನೋಡುವ ಆಸೆ.

ಜುಲೈ ೧೮

ಮೀಟರು ಕೆಟ್ಟಿದೆ.

ದೀಪದ ಮುಂಚೆ 14.8. ದೀಪ ದಾಟಿದ ಮೇಲೂ 14.8. ಅದು ಹೇಗೆ ಸಾಧ್ಯ? ಉರಿದ ದೀಪ ಏನೂ ಕುಡಿಯಲಿಲ್ಲವೇ? ಖಾಜಾನಿಗೆ ಫೋನು ಮಾಡಿ ಬೈದೆ. “ಮೀಟರು ಬರೋಬ್ಬರಿ ಅದರಿ ಟೀಚರ್, ನೋಡೇ ಕೊಟ್ಟೀನಿ,” ಅಂದ. ನನಗೇ ಕಲಿಸಲು ಬರುತ್ತಾನೆ.

ಜುಲೈ ೧೯

ಎರಡು ಹಳೆಯ ಟಾರ್ಚಿನ ಬಲ್ಬು, ಎರಡು ಸೆಲ್ಲು ತರಿಸಿದೆ. ಮೀಟರೇ ಬೇಡ, ಕಣ್ಣಿಂದಲೇ ನೋಡಿಬಿಡೋಣ ಅಂತ. ಬಲ್ಬುಗಳನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದೆ. ಮೊದಲನೆಯದು ಜೋರಾಗಿ, ಎರಡನೆಯದು ಮಂಕಾಗಿ ಉರಿಯಬೇಕು.

ಎರಡೂ ಒಂದೇ ಸಮ ಉರಿದವು.

ಅದಲು ಬದಲು ಮಾಡಿದೆ. ಒಂದೇ ಸಮ. ಸೆಲ್ಲು ತಿರುಗಿಸಿ ಹಾಕಿದೆ. ಒಂದೇ ಸಮ. ಇವರನ್ನು ಕರೆದು ಯಾವುದು ಜಾಸ್ತಿ ಹೇಳಿ ಅಂದೆ. ಚಷ್ಮಾ ಒರೆಸಿಕೊಂಡು ನೋಡಿ, “ಎರಡೂ ಒಂದೇ ಅವಲ್ಲ. ಇದರಾಗೇನ್ ಕೇಳೂದದ?” ಅಂದರು.

ಅಯ್ಯೋ ಶಿವನೇ.

ಜುಲೈ ೨೦

ಬರೆಯಲು ಮನಸ್ಸಿಲ್ಲ.

ಜುಲೈ ೨೧

ಬರೆಯದೆ ಇರಲೂ ಆಗುತ್ತಿಲ್ಲ.

ನನ್ನ ತವರು ಚಿಂಚೋಳಿಯ ಕಡೆ, ಚಂದ್ರಂಪಳ್ಳಿ ಡ್ಯಾಮಿನ ಕಾಲುವೆಯ ಕೆಳಗೆ. ನಮ್ಮಪ್ಪನ ಹೊಲ ಕಾಲುವೆಯ ಕಟ್ಟಕಡೆಯದು. ಮೇಲಿನ ಹೊಲದವರೆಲ್ಲ ಕುಡಿದು ಉಳಿದ ನೀರು ನಮಗೆ, ಎಷ್ಟೋ ಸಲ ಅದೂ ಇಲ್ಲ. ವಿದ್ಯುತ್ತಿನ ಪಾಠಕ್ಕೆ ನಾನು ಇದೇ ಉದಾಹರಣೆ ಕೊಡುತ್ತಿದ್ದೆ. “ಮೊದಲನೇ ಬಲ್ಬು ಹೊಟ್ಟೆ ತುಂಬ ಕುಡಿಯುತ್ತದೆ, ಎರಡನೇ ಬಲ್ಬಿಗೆ ಉಳಿದದ್ದು.” ಮಕ್ಕಳಿಗೆ ಥಟ್ಟನೆ ತಿಳಿಯುತ್ತಿತ್ತು. ತಪಾಸಣೆಗೆ ಬಂದ ಸಾಹೇಬರೊಬ್ಬರು ಭೇಷ್ ಅಂದಿದ್ದರು. ಆ ಭೇಷನ್ನು ಇಪ್ಪತ್ತು ವರ್ಷ ಸೆರಗಿನ ತುದಿಗೆ ಕಟ್ಟಿಕೊಂಡು ತಿರುಗಿದೆ.

ಇವತ್ತು ಹಳೆಯ ಪಠ್ಯಪುಸ್ತಕ ತೆಗೆಸಿ ನೋಡಿದೆ. ಅಚ್ಚಾಗಿದೆ, ದಪ್ಪ ಅಕ್ಷರದಲ್ಲಿ: ಸರಣಿ ಜೋಡಣೆಯಲ್ಲಿ ಎಲ್ಲೆಡೆ ವಿದ್ಯುತ್ ಪ್ರವಾಹ ಒಂದೇ. ಅದನ್ನೂ ನಾನೇ ಬರೆಸಿದ್ದೇನೆ! ಒಂದೇ ತಾಸಿನಲ್ಲಿ ಪುಸ್ತಕದ ಮಾತನ್ನು ಬಾಯಿಪಾಠ ಮಾಡಿಸಿ, ಅದರ ಬೆನ್ನಿಗೇ ನನ್ನ ಕಾಲುವೆಯನ್ನು ಹೇಳಿದ್ದೇನೆ. ಎರಡೂ ಒಂದಕ್ಕೊಂದು ಕೂಡುವುದಿಲ್ಲ ಅಂತ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಹೊಳೆಯಲಿಲ್ಲ.

ಜುಲೈ ೨೩

ಹೊಳೆದಿತ್ತು. ನನಗಲ್ಲ, ಜಬೀನಾಳಿಗೆ.

೨೦೦೯ನೇ ಇಸವಿ, ಹತ್ತನೇ ಇಯತ್ತೆ, ಮೂರನೇ ಬೆಂಚು. ಕಿರುಪರೀಕ್ಷೆಯಲ್ಲಿ ನಾನು ಕೇಳಿದ ಪ್ರಶ್ನೆಗೆ ಎರಡೂ ಬಲ್ಬು ಒಂದೇ ಸಮ ಉರಿಯುತ್ತವೆ ಅಂತ ಬರೆದಿದ್ದಳು. ಕೆಂಪು ಪೆನ್ನಿನಿಂದ ಹೊಡೆದು ಹಾಕಿದೆ. ಕ್ಲಾಸಿನಲ್ಲಿ ಎದ್ದು ನಿಂತು, “ಟೀಚರ್, ಪುಸ್ತಕದಾಗ ಒಂದೇ ಅಂತ ಅದ. ನಾ ಮನ್ಯಾಗ ಹಚ್ಚಿ ನೋಡೀನ್ರಿ, ಎರಡೂ ಒಂದೇ ಉರೀತಾವ,” ಅಂದಳು. ನನಗೆ ಎದುರು ಮಾತು! ಸುಳ್ಳಿ ಅಂದೆ. ಎಲ್ಲರ ಮುಂದೆ ಕಿವಿ ಹಿಡಿಸಿ ತಪ್ಪಾಯಿತು ಅನ್ನಿಸಿದೆ. ನನ್ನ ಕಾಲುವೆಯ ಮಾತನ್ನು ನೂರು ಸಲ ಬರೆದುಕೊಂಡು ಬಾ ಅಂದೆ. ಮರುದಿನ ತಂದಳು. ಎಣಿಸಿದೆ. ತೊಂಬತ್ತೆಂಟು ಇದ್ದವು. ಎರಡು ಕಡಿಮೆ ಅಂತ ಅಲ್ಲೇ ನಿಲ್ಲಿಸಿ ಬರೆಸಿದೆ.

ಪ್ರಯೋಗಾಲಯದ ಕಪಾಟಿನ ಬೀಗದ ಕೈ ಆಗ ನನ್ನ ಸೊಂಟದಲ್ಲೇ ಇತ್ತು. ಒಳಗೆ ಕರೆಂಟು ಅಳೆಯುವ ಎರಡು ಅಮ್ಮೀಟರು ಇದ್ದವು, ಮೇಲಿನ ಪ್ಲಾಸ್ಟಿಕ್ ಹಾಳೆ ಸಹ ಬಿಚ್ಚಿರಲಿಲ್ಲ. ತಪಾಸಣೆಯವರು ಬಂದಾಗ ಹೊಸದಾಗಿ ಕಾಣಬೇಕು, ಮಕ್ಕಳು ಮುಟ್ಟಿ ಒಡೆದರೆ ಜವಾಬು ಕೊಡುವವಳು ನಾನು. ಐದು ನಿಮಿಷದ ಕೆಲಸ ಆಗಿತ್ತು. ಬೀಗ ತೆಗೆಯಲಿಲ್ಲ.

ಅವಳು ಆಮೇಲೆ ಏನಾದಳೋ ಗೊತ್ತಿಲ್ಲ. ಕ್ಲಾಸಿನಲ್ಲಿ ಮತ್ತೆ ಪ್ರಶ್ನೆ ಕೇಳಲಿಲ್ಲ, ಅಷ್ಟು ನೆನಪಿದೆ. ಆಗ ಅದು ನನಗೆ ಸಮಾಧಾನವಾಗಿತ್ತು. ಛೀ.

ಜುಲೈ ೩೦

ಒಂದು ವಾರದಿಂದ ಒಂದೇ ಯೋಚನೆ. ಬಲ್ಬು ಕರೆಂಟು ಕುಡಿಯದಿದ್ದರೆ ಮತ್ತೆ ಬೆಳಕು ಎಲ್ಲಿಂದ ಬಂತು? ಸೆಲ್ಲು ಯಾಕೆ ತೀರುತ್ತದೆ?

ಇವತ್ತು ಮುಂಜಾನೆ ಇವರು ಅಂಗಳದಲ್ಲಿ ಸೈಕಲ್ಲನ್ನು ಉಲ್ಟಾ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕೈಯಿಂದ ಪೆಡಲು ತಿರುಗಿಸಿದರು, ಹಿಂದಿನ ಚಕ್ರ ಗಿರ್ ಅಂತ ತಿರುಗಿತು. ಕಿಟಕಿಯಿಂದ ನೋಡುತ್ತಿದ್ದೆ. ಹಲ್ಲಿನ ಚಕ್ರಕ್ಕೆ ಎಷ್ಟು ಕೊಂಡಿ ಬಂದವೋ ಅಷ್ಟೇ ಹೊರಗೆ ಹೋದವು. ಚೈನನ್ನು ಚಕ್ರ ತಿನ್ನುವುದಿಲ್ಲ! ಚೈನು ಸುತ್ತುತ್ತದೆ ಅಷ್ಟೆ. ದಣಿಯುವುದು ಪೆಡಲು ತುಳಿಯುವವನ ಕಾಲು.

“ರೀ! ತಿರುಗಿಸ್ರಿ! ಇನ್ನೊಮ್ಮಿ ತಿರುಗಿಸ್ರಿ!” ಅಂತ ಕಿರುಚಿದೆ. ಈ ಸಲ ಕೇಳಿಸಿತು ಇವರಿಗೆ.

“ಏನಾಗ್ಯಾದ ನಿನಗ? ಕಾಲು ಮುರದದ್ದೋ, ತಲಿ ಕೆಟ್ಟದ್ದೋ?”

“ಸೆಲ್ಲು ಅಂದ್ರ ಕಾಲ್ರಿ! ಕರೆಂಟು ಅಂದ್ರ ಚೈನು!”

ಇವರಿಗೆ ಏನು ತಿಳಿಯಿತೋ, ನಗುತ್ತ ಹತ್ತು ಸಲ ತಿರುಗಿಸಿ ತೋರಿಸಿದರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಕಾಲುವೆಯ ನೀರು ಹೊಲದಲ್ಲಿ ಇಂಗಿ ಹೋಗುತ್ತದೆ, ತಿರುಗಿ ಡ್ಯಾಮಿಗೆ ಬರುವುದಿಲ್ಲ. ಕರೆಂಟು ತಿರುಗಿ ಬರುತ್ತದೆ. ನನ್ನ ಉದಾಹರಣೆ ಬುಡದಲ್ಲೇ ಸುಳ್ಳು. ಇಷ್ಟು ಸಂತೋಷ ನನಗೆ ಬಿ.ಎಸ್ಸಿ. ಪಾಸಾದಾಗಲೂ ಆಗಿರಲಿಲ್ಲ.

ಆಮೇಲೆ ಊಟಕ್ಕೆ ಕೂತಾಗ ನೆನಪಾಯಿತು, ಈ ಸಂತೋಷ ಆ ಹುಡುಗಿಯದ್ದು. ಹದಿನೈದು ವರ್ಷದವಳಿದ್ದಾಗ ತಾನೇ ಹುಡುಕಿಕೊಂಡಿದ್ದಳು, ನಾನು ಕಸಿದುಕೊಂಡೆ. ತಾಟು ಪಕ್ಕಕ್ಕೆ ಸರಿಸಿದೆ.

ಆಗಸ್ಟ್ ೨

ಖಾಜಾ ಉಸ್ತಾದನನ್ನು, ಈಗ ಅವನೇ ನನ್ನ ಮಾಸ್ತರು, ಕೇಳಿದೆ, ಜಬೀನಾ ಅಂತ ಒಬ್ಬಾಕೆ ಇದ್ದಳು, ನಿನ್ನ ಹೆಂಡತಿಗೆ ಗೊತ್ತೇನಪ್ಪ ಅಂತ. ತಾಜುನ್ನಿಸಾಳೇ ಫೋನು ಮಾಡಿದಳು. ಅದೇ ಕ್ಲಾಸಿನವಳು.

“ಶಹಾಬಾದದಾಗ ಇದ್ದಾಳ್ರಿ ಟೀಚರ್. ಮನ್ಯಾಗೇ ಬಟ್ಟಿ ಹೊಲೀತಾಳ. ಹತ್ತನೇತ್ತ ಪಾಸಾದ್ಲು, ಆದ್ರ ಮುಂದ ಸೈನ್ಸ್ ತಗೊಳ್ಳಿಲ್ರಿ. ಅವರ ಅಬ್ಬಾ ಡಿಪ್ಲೊಮಾಕ್ಕ ಹಚ್ತೀನಿ ಅಂತ ಭಾಳ ಹೇಳಿದ್ರು. ಆಕೀನೇ ಒಲ್ಲೆ ಅಂದ್ಲು.”

“ಯಾಕ ಒಲ್ಲೆ ಅಂದ್ಲವ್ವ?”

“ಗೊತ್ತಿಲ್ರಿ.”

ನನಗೆ ಗೊತ್ತಾಗಬೇಕು.

ಆಗಸ್ಟ್ ೧೩

ಪ್ಲಾಸ್ಟರ್ ತೆಗೆದರು. ಕಾಲು ಬೇರೆಯವರದ್ದಿರಬೇಕು ಅನ್ನುವಷ್ಟು ಸಣ್ಣಗಾಗಿದೆ. ಕೋಲು ಹಿಡಿದು ಅಡಿಗೆಮನೆಯವರೆಗೆ ನಡೆದೆ.

ಶಹಾಬಾದಿಗೆ ಹೋಗುತ್ತೇನೆ ಅಂದದ್ದಕ್ಕೆ ಇವರು ಸಿಟ್ಟಾದರು. “ಹದಿನಾರು ವರ್ಷದ್ದು ಯಾಕ ಕೆದರ್ತಿ? ಆಕಿ ಮರ್ತಿರ್ತಾಳ. ನೀ ಹೋಗಿ ನೆನಪು ಮಾಡಿ ಬರ್ತೇನ?”

ಮರೆತಿದ್ದರೆ ಒಳ್ಳೆಯದೇ. ಆದರೆ ನನ್ನ ತಪ್ಪು ಮರೆತಿರಲಿ ಅಂತ ಮನೆಯಲ್ಲಿ ಕೂತು ಕಾಯುವುದು ಕಳ್ಳರ ಕೆಲಸ. ಅಷ್ಟು ಹೇಳಿದೆ. ಇವರು ವಾಡಿಗೆ ಯಾವ ಗಾಡಿ ಎಷ್ಟಕ್ಕೆ ಅಂತ ಹೇಳತೊಡಗಿದರು.

ಆಗಸ್ಟ್ ೨೧

ಹೋಗಿ ಬಂದೆ. ಕೈ ನೋಯುತ್ತಿದೆ, ಆದರೂ ಇವತ್ತೇ ಬರೆಯಬೇಕು.

ರೈಲಿನಲ್ಲಿ ವಾಡಿ, ಅಲ್ಲಿಂದ ಟಂಟಂ ಆಟೊ. ಫರಸಿ ಪಾಲಿಶ್ ಮಾಡುವ ಕಾರ್ಖಾನೆಯ ಹಿಂದಿನ ಓಣಿ, ಮನೆಗಳ ಮೇಲೆಲ್ಲ ಕಲ್ಲಿನ ಬೂದಿ. ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಮುಂದೆ ಕೂತವಳು ತಲೆ ಎತ್ತಿ ನೋಡಿ, ಗಕ್ಕನೆ ಎದ್ದು ನಿಂತಳು. ಕ್ಲಾಸಿನಲ್ಲಿ ನಿಲ್ಲುತ್ತಿದ್ದಂತೆಯೇ, ಕೈ ಕಟ್ಟಿಕೊಂಡು.

“ಟೀಚರ್!”

“ಕುಂದ್ರವ್ವ ಜಬೀನಾ,” ಅಂದೆ. ಕೂರಲಿಲ್ಲ. ನಾನು ಕೂತ ಮೇಲೆ ಕೂತಳು. ಇವರು ಹೊರಗೆ ಕಟ್ಟೆಯ ಮೇಲೆ ಕೂತರು.

ದಾರಿಯುದ್ದಕ್ಕೂ ಉರು ಹೊಡೆದ ಮಾತನ್ನೆಲ್ಲ ಬದಿಗಿಟ್ಟೆ. ಚೀಲದಿಂದ ಎರಡು ಬಲ್ಬು, ಸೆಲ್ಲು, ಮೀಟರು ತೆಗೆದು ಅವಳು ಕತ್ತರಿಸಿಟ್ಟ ಬಟ್ಟೆಯ ಪಕ್ಕ ಇಟ್ಟೆ. ತಂತಿ ಜೋಡಿಸುವ ಮೊದಲು ಕೇಳಿದೆ, ಎರಡರಲ್ಲಿ ಯಾವುದು ಜಾಸ್ತಿ ಉರಿಯುತ್ತದೆ ಹೇಳು ಅಂತ.

ಒಂದು ಕ್ಷಣವೂ ಯೋಚಿಸಲಿಲ್ಲ. “ಮೊದಲನೇದು, ಟೀಚರ್. ಮೊದಲನೇ ಬಲ್ಬು ಹೊಟ್ಟೆ ತುಂಬ ಕುಡಿಯುತ್ತದೆ, ಎರಡನೇ ಬಲ್ಬಿಗೆ ಉಳಿದದ್ದು.”

ನನ್ನದೇ ಮಾತು. ಕ್ಲಾಸಿನಲ್ಲಿ ನಾನಾಡುತ್ತಿದ್ದ ಪುಸ್ತಕದ ಕನ್ನಡ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.

“ನನ್ನ ಮಗಳಿಗೂ ಹಂಗೇ ಹೇಳಿಕೊಟ್ಟೀನ್ರಿ,” ಅಂತ ಸೇರಿಸಿದಳು.

ತಂತಿ ಜೋಡಿಸಿದೆ. ಬಲ್ಬುಗಳು ಹತ್ತಿದವು. ಅವಳು ಬಗ್ಗಿ ನೋಡಿದಳು. ಕೈ ಅಡ್ಡ ಹಿಡಿದು ಬಾಗಿಲ ಬೆಳಕು ಮರೆಮಾಡಿ ನೋಡಿದಳು. ಎದ್ದು ಈ ಕಡೆ ಬಂದು ನಿಂತು ನೋಡಿದಳು.

“ಎರಡೂ ಒಂದೇ ಕಾಣಾಕತ್ತಾವಲ್ರಿ,” ಅಂತ ಬಹಳ ಸಣ್ಣ ದನಿಯಲ್ಲಿ ಅಂದಳು, ತಪ್ಪು ಹೇಳುತ್ತಿದ್ದೇನೇನೋ ಅನ್ನುವಂತೆ.

“ಒಂದೇ ಅದಾವವ್ವ. ಅವತ್ತೂ ಒಂದೇ ಇದ್ವು. ನೀ ಬರ್ದದ್ದು ಖರೇ ಇತ್ತು. ನಾ ಹೇಳಿದ್ದೇ ಸುಳ್ಳು.”

ಮೀಟರನ್ನು ಅವಳ ಕೈಗೆ ಕೊಟ್ಟೆ. ತಂತಿ ಎಲ್ಲಿ ಬಿಡಿಸಬೇಕು ಅಂತ ತೋರಿಸಿದೆ. ಮುಂಚೆ 0.21 ಆಂಪಿಯರ್. ನಡುವೆ 0.21. ಕೊನೆಗೆ 0.21. ಮೂರನೆಯ ಸಲ ನೋಡಿ ಮೀಟರು ಕೆಳಗಿಟ್ಟಳು.

“ನನಗ ಅವತ್ತೂ ಹಿಂಗೇ ಕಂಡಿತ್ರಿ. ನೀವು ಸುಳ್ಳಿ ಅಂದ ಮ್ಯಾಲ ನನ್ನ ಕಣ್ಣಾಗೇ ಏನೋ ಐಬು ಅದ ಅಂದ್ಕೊಂಡೆ. ಅಬ್ಬಾಗ ಹಟ ಮಾಡಿ ಕಣ್ಣಿನ ಡಾಕ್ಟರ್ ಕಡಿ ಹೋಗಿದ್ದೆ. ಕಣ್ಣು ಬರೋಬ್ಬರಿ ಅವ, ಚಷ್ಮಾ ಬ್ಯಾಡ ಅಂದ್ರು ಅವರು.” ಬಲ್ಬುಗಳನ್ನೇ ನೋಡುತ್ತ ಅಂದಳು, “ಕಣ್ಣು ಬರೋಬ್ಬರಿ ಅದಾವಂದ್ರ ತಲೀನೇ ಬರೋಬ್ಬರಿ ಇಲ್ಲ ಅಂತ ತಿಳ್ಕೊಂಡೆ. ಇಂಥಾ ತಲಿಗೆ ಡಿಪ್ಲೊಮಾ ಯಾಕ ಅಂತ ಬಿಟ್ಟೆ.”

ಮೂವತ್ತೊಂದು ವರ್ಷದಲ್ಲಿ ಎಷ್ಟು ಕಣ್ಣುಗಳನ್ನು ನಾನು ಹೀಗೆ ಕುರುಡು ಮಾಡಿದ್ದೇನೋ! ಎದೆಯ ಮೇಲೆ ಫರಸಿ ಹೇರಿದಂತಾಯಿತು. ತಪ್ಪಾಯಿತವ್ವ ಅಂದೆ. ಬಗ್ಗಿ ಅವಳ ಕೈ ಹಿಡಿಯಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡಳು.

“ಈಗ ಬಂದು ಹೇಳಿದ್ರ ನಾ ಏನ್ ಮಾಡ್ಲಿ ಟೀಚರ್?”

ಸಿಟ್ಟು ಬಂದಿತ್ತು ಅವಳಿಗೆ. ಬರಬೇಕಾದದ್ದೇ. ಎದ್ದು ಹೋಗಿ ಗೂಡಿನಿಂದ ಮಗಳ ನೋಟುಬುಕ್ಕು, ಪೆನ್ನು ತಂದು ನನ್ನ ಮುಂದೆ ಇಟ್ಟಳು.

“ಎರಡೂ ಬಲ್ಬಿಗೆ ಒಂದೇ ಕರೆಂಟು. ಬರೀರಿ. ನೂರು ಸಲ.”

ಬಾಗಿಲಿಂದ ಇವರು, “ಏನಿದು ತಂಗೀ, ವಯಸ್ಸಾದಾಕಿಗೆ...” ಅಂತ ಎದ್ದರು. ಈ ಹಾಳು ಕಿವಿಗೆ ಅದು ಮಾತ್ರ ಕೇಳಿಸಿತು! ಕೂತಿರ್ರಿ ಅಂತ ಕೈ ಮಾಡಿದೆ.

ಬರೆದೆ. ಅವಳು ಹೊಲಿಗೆ ಯಂತ್ರಕ್ಕೆ ಮರಳಿದಳು. ನಲವತ್ತರ ಹೊತ್ತಿಗೆ ಬೆರಳು ಸೆಟೆಯಿತು. ಅಷ್ಟರಲ್ಲಿ ಯಂತ್ರದ ಸದ್ದು ನಿಂತಿತ್ತು. ಓರೆಗಣ್ಣಿಂದ ನೋಡಿದೆ. ಬಲ್ಬು ಅದಲು ಬದಲು ಮಾಡುತ್ತಿದ್ದಳು. ಸೆಲ್ಲು ತಿರುಗಿಸಿ ಹಾಕಿದಳು. ಒಂದು ಬಲ್ಬು ಬಿಚ್ಚಿದರೆ ಇನ್ನೊಂದೂ ಆರುವುದನ್ನು ನೋಡಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ, ತನ್ನಷ್ಟಕ್ಕೆ ತಲೆ ಆಡಿಸಿದಳು. ಅರವತ್ತನೇ ಸಾಲಿನ ಹತ್ತಿರ ನನ್ನ ಪಕ್ಕ ಚಹಾ ಇಟ್ಟಳು. ಸಾಕು ಅನ್ನಲಿಲ್ಲ. ನಾನೂ ಅವಳಿಗೆ ಅವತ್ತು ಅಂದಿರಲಿಲ್ಲ.

ಮುಗಿಸಿ ನೋಟುಬುಕ್ಕು ಕೊಟ್ಟೆ. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಎಣಿಸಿದಳು.

“ತೊಂಬತ್ತೆಂಟು ಅವ, ಟೀಚರ್.”

“ಇಲ್ಲವ್ವ, ನೂರದಾವ. ನಾ ಎಣಿಸೇ ಬರ್ದೀನಿ.”

ಅವಳು ನನ್ನ ಮುಖ ನೋಡಿದಳು. “ನಾನೂ ಅವತ್ತು ಎಣಿಸೇ ಬರ್ದಿದ್ದೆ,” ಅಂದಳು.

ಪೆನ್ನು ತೆಗೆದುಕೊಂಡು ಇನ್ನೆರಡು ಬರೆದೆ.